ಗೋಡೆಯಡಿಯ ವೈರು

ಪರದೆಯ ನಡುವೆ ಚಕ್ರ ಮತ್ತೆ ತಿರುಗತೊಡಗಿತು. ಅಣ್ಣತಮ್ಮಂದಿರಿಬ್ಬರಲ್ಲಿ ಕಿರಿಯವನಾದ ತಮ್ಮ, ಮೌಸಿನಿಂದ ಕೈ ತೆಗೆದು ಕಾದು ಕೂತ. ಚಕ್ರ ತಿರುಗಿತು, ತಿರುಗಿತು, ನಿಂತಿತು. ಡ್ರೈವರೊಬ್ಬನಿಗಾಗಿ ಬರೆಯುತ್ತಿದ್ದ ಮನೆಯ ನಕ್ಷೆ ಮಂಕಾಗಿ, ಸೋಮವಾರದಿಂದ ಅವನಿಗೆ ಬಾಯಿಪಾಠವಾಗಿದ್ದ ಸಾಲು ಕಾಣಿಸಿಕೊಂಡಿತು: ಸಂಪರ್ಕ ಸಿಗುತ್ತಿಲ್ಲ. ಮರುಕ್ಷಣ ನಕ್ಷೆಯೂ ಇಲ್ಲ, ಸಾಲೂ ಇಲ್ಲ. ಅವನು ಮೇಜಿಗೆ ಗುದ್ದಿದ.

"ಮೆತ್ತಗೆ," ಎಂದಳು ಹೆಂಡತಿ ಪ್ರಿಂಟರಿನ ಪಕ್ಕದಿಂದ. "ಅದು ನಮ್ಮ ಪಾಲಿಗೆ ಬಂದಿರೋ ಮೇಜು. ಮುರಿದ್ರೆ ಮಾವ ಇನ್ನೊಂದು ಕೊಡಿಸಲ್ಲ."

ಪಾಲು ಮಾಡಿಕೊಟ್ಟವರು ಸೋದರಮಾವ. ಅಣ್ಣ ತಮ್ಮ ಇಬ್ಬರೂ ಒಂದೇ ಹಾಲಿನಲ್ಲಿ ಕೂತು ಊರವರ ಮನೆಗಳಿಗೆ ನಕ್ಷೆ ಬರೆದುಕೊಡುತ್ತಿದ್ದರು. ತಮ್ಮ ಏನು ಬರೆದರೂ ಹಿಂದಿನಿಂದ ಬಗ್ಗಿ ನೋಡಿ ಒಂದು ತಪ್ಪು ಹುಡುಕದಿದ್ದರೆ ಅಣ್ಣನಿಗೆ ತಿಂದ ಅನ್ನ ಅರಗುತ್ತಿರಲಿಲ್ಲ. ಒಂದು ದಿನ ಗಿರಾಕಿಯ ಎದುರಲ್ಲೇ ತಮ್ಮನ ಕೈಯಿಂದ ಮೌಸು ಕಿತ್ತುಕೊಂಡು ತಿದ್ದಿದ. ಗಿರಾಕಿ ನಕ್ಕ. ತಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಆ ತಿಂಗಳೇ ಹಾಲಿನ ನಡುವೆ ಪ್ಲೈವುಡ್ ಗೋಡೆ ಎದ್ದಿತು. ಅದು ಸರಿಯಾಗಿ ಕಿಟಕಿಯ ಮಧ್ಯಕ್ಕೇ ಬಂದು ಕೂತದ್ದರಿಂದ ಕಿಟಕಿಯ ಒಂದು ಕದ ಆ ಕಡೆಗೆ, ಒಂದು ಕದ ಈ ಕಡೆಗೆ ಹೋಯಿತು; ಬೀದಿಗೆ ಇಬ್ಬರಿಗೂ ಬೇರೆ ಬೇರೆ ಬಾಗಿಲಾಯಿತು. ಸೋದರಮಾವ ಸ್ಕೇಲು, ಸ್ಟೇಪ್ಲರುಗಳನ್ನೂ ಬಿಡದೆ ಹಂಚಿ, ಕೊನೆಗೆ ಅಣ್ಣನಿಂದ ಒಂದು ಮಾತು ತೆಗೆದುಕೊಂಡರು: "ಅವನ ಕೆಲಸಕ್ಕೆ ನೀನು ಕೈ ಹಾಕಬಾರದು."

ಗೋಡೆ ಏನು ಗೋಡೆ, ಹೆಸರಿಗಷ್ಟೇ. ಎರಡೂ ಮೇಜುಗಳು ಆಚೆ ಈಚೆ ಅದಕ್ಕೇ ಒರಗಿದ್ದವು. ಕೆಲಸ ಮಾಡುತ್ತ ಕಾಲು ಕುಣಿಸುವುದು ಅಣ್ಣನ ಚಾಳಿ. ಅವನು ಅಲ್ಲಿ ಕಾಲು ಕುಣಿಸಿದರೆ ಇಲ್ಲಿ ತಮ್ಮನ ಪೆನ್ನು ಇಡುವ ಸ್ಟೀಲು ಲೋಟ ಕಿಣಿಕಿಣಿ ಎನ್ನುತ್ತಿತ್ತು. ತಮ್ಮ ಹಲ್ಲು ಕಚ್ಚಿ ಲೋಟವನ್ನು ಅತ್ತಿತ್ತ ಸರಿಸುತ್ತಿದ್ದ. ಎಲ್ಲಿಟ್ಟರೂ ಅದೇ ಪಾಡು.

ಪಾಲಾದ ಮೇಲೆ ತಮ್ಮನಿಗೆ ಸಿಕ್ಕ ಮೊದಲ ಕೆಲಸ ಈ ಡ್ರೈವರನ ಮನೆ. ಬಸ್ ಓಡಿಸುವ ಆ ಮನುಷ್ಯ ಅಣ್ಣನ ಬಾಗಿಲು ದಾಟಿಕೊಂಡು ಇವನ ಬಾಗಿಲಿಗೆ ಬಂದಿದ್ದ. ನಕ್ಷೆಯನ್ನು ಮಂಜೂರಾತಿಗೆಂದು ಕಚೇರಿಗೆ ಕೊಡಲು ಇವತ್ತೇ ಕೊನೆಯ ದಿನ, ಸಂಜೆ ಬಂದು ಒಯ್ಯುತ್ತೇನೆ ಎಂದಿದ್ದ. ನಕ್ಷೆ ಸಿಗದಿದ್ದರೆ ಅವನು ಪಕ್ಕದ ಬಾಗಿಲು ತಟ್ಟುತ್ತಾನೆ ಎಂಬುದು ತಮ್ಮನಿಗೆ ಕಣ್ಣಿಗೆ ಕಟ್ಟಿದಂತಿತ್ತು.

"ಇದು ಅವನದೇ ಕೆಲಸ. ಅಲ್ಲಿಂದ ಏನೋ ಕಿತಾಪತಿ ಮಾಡಿದಾನೆ," ಎಂದ.

"ಸುಮ್ನಿರಿ, ಕೇಳಿಸುತ್ತೆ."

"ಕೇಳಿಸ್ಲಿ ಬಿಡು."

ಅಷ್ಟು ಹೊತ್ತಿಗೆ ರಿಪೇರಿಯವಳು ಬಂದಳು. ಬೀದಿಯ ಅಂಗಡಿಯವರೆಲ್ಲ ಅವಳನ್ನು ಸ್ಕ್ರೂ ಅಕ್ಕ ಎನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು. ಹೆಲ್ಮೆಟ್ಟನ್ನು ಪ್ರಿಂಟರಿನ ಮೇಲಿಟ್ಟು ಮೇಜಿನಡಿಗೆ ತೂರಿದಳು. "ಕೇಬಲ್ ಹೋಗಿದೆ, ಇಷ್ಟೇ," ಎಂದು ಹೊಸದು ಹಾಕಿದಳು. ಕಂಪ್ಯೂಟರು ಒಳ್ಳೆಯ ಬುದ್ಧಿ ಬಂದಂತೆ ಎದ್ದು ಕೂತಿತು. ತಮ್ಮ ಒಂದು ಗೆರೆ ಎಳೆದು ಸೇವ್ ಒತ್ತಿದ. ಚಕ್ರ ತಿರುಗಿತು, ಎಲ್ಲ ಹೋಯಿತು.

"ನನ್ನ ಅಂದಾಜು ತಪ್ಪಾಯ್ತು," ಎಂದಳು ಅವಳು ಒಂದಿಷ್ಟೂ ನಾಚದೆ. "ಏಳಿ, ನಾನು ಕೂತ್ಕೋತೀನಿ."

ಅವಳು ಕೂತಳು, ಅವನು ಕಿಟಕಿಗೂ ಬಾಗಿಲಿಗೂ ನಡುವೆ ಓಡಾಡಿದ. ಗಡಿಯಾರ ನೋಡಿದ, ರಸ್ತೆ ನೋಡಿದ, ಮತ್ತೆ ಗಡಿಯಾರ ನೋಡಿದ.

"ಸರ್, ಒಂದು ಕಡೆ ನಿಂತ್ಕೊಳ್ಳಿ, ನನಗೆ ತಲೆ ತಿರುಗುತ್ತೆ. ಈ ದೊಡ್ಡೋನು ಯಾರು?"

ತಮ್ಮ ನಿಂತ.

"ನಿಮ್ಮ ಮೆಷೀನಿನ ಹೆಸರು ಚಿಕ್ಕೋನು ಅಂತಿದೆ. ನೀವು ಸೇವ್ ಮಾಡಿದಾಗೆಲ್ಲ ಇದು ದೊಡ್ಡೋನು ಅನ್ನೋ ಇನ್ನೊಂದು ಮೆಷೀನನ್ನ ಕರೆಯುತ್ತೆ. ಅದು ಓಗೊಡಲ್ಲ. ಇದು ಕಾದು ಕಾದು ಕೊನೆಗೆ ಬಿದ್ದುಹೋಗುತ್ತೆ."

ಹೆಸರಿಟ್ಟವನು ಅಣ್ಣ. ಹಿಂದೊಮ್ಮೆ ತಮ್ಮ, ಮುಗಿದ ನಕ್ಷೆಯೊಂದರ ಮೇಲೆ ಬೇರೆ ಯಾವುದನ್ನೋ ಸೇವ್ ಮಾಡಿ ಇಡೀ ಕೆಲಸ ನೀರುಪಾಲು ಮಾಡಿದ್ದ. ಅವತ್ತು ಅಣ್ಣ ಬೈಯಲಿಲ್ಲ. ಇವನು ಸೇವ್ ಮಾಡಿದ್ದೆಲ್ಲ ತನ್ನ ಕಂಪ್ಯೂಟರಿನಲ್ಲೂ ಒಂದು ಪ್ರತಿ ಬಂದು ಬೀಳುವಂತೆ ಮಾಡಿಟ್ಟ. ಸ್ಟೇಪ್ಲರು ಹಂಚಿದ ಸೋದರಮಾವನಿಗೆ ಇದು ಹೊಳೆದಿರಲಿಲ್ಲ. ತಮ್ಮ ಬಗ್ಗಿ ಮೇಜಿನಡಿ ನೋಡಿದ. ಗೋಡೆಯ ಬುಡದಲ್ಲಿ ಬಡಗಿ ಪ್ಲೈವುಡ್ಡನ್ನು ಅರ್ಧಚಂದ್ರದ ಹಾಗೆ ಕೊರೆದು, ಎರಡೂ ಕಂಪ್ಯೂಟರುಗಳನ್ನು ಕೂಡಿಸುವ ವೈರಿಗೆ ಒಂದಿಷ್ಟೂ ತಾಗದಂತೆ ದಾರಿ ಬಿಟ್ಟಿದ್ದ. ಯಾರೂ ಹೇಳದಿದ್ದರೂ ಬಿಟ್ಟಿದ್ದ.

"ಅಂದ್ರೆ ಗೋಡೆ ಹಾಕಿದ ಮೇಲೂ ನನ್ನ ಕೆಲಸ ಎಲ್ಲ ಅವನಿಗೆ ಹೋಗ್ತಾ ಇತ್ತಾ?"

"ಶನಿವಾರದವರೆಗೂ ಹೋಗಿದೆ. ಆಮೇಲೆ ಆ ಮೆಷೀನು ಆನ್ ಆಗೇ ಇಲ್ಲ."

ತಮ್ಮನ ಮುಖ ಕೆಂಪಾಯಿತು. "ಎಲ್ಲಾ ನೋಡ್ಕೊಂಡು ಕೂತಿದಾನೆ. ಕತ್ತರಿಸಿ ಮೇಡಂ. ಈಗಲೇ ಕತ್ತರಿಸಿ."

"ಕತ್ತರಿಸೋದು ಒಂದು ನಿಮಿಷದ ಕೆಲಸ," ಎಂದಳು ಸ್ಕ್ರೂ ಅಕ್ಕ. "ಆದ್ರೆ ನಿಮ್ಮ ಡ್ರೈವರನ ಫೈಲು ಇಲ್ಲಿ ಕೆಟ್ಟಿದೆ. ಅರ್ಧ ಸೇವ್ ಆಗಿ ಅರ್ಧ ಬಿದ್ದು, ಈಗ ತೆರೀತಾನೇ ಇಲ್ಲ. ಸರಿಯಾಗಿರೋ ಪ್ರತಿ ಅಂದ್ರೆ ಶನಿವಾರದ್ದು. ಅದು ಅಲ್ಲಿದೆ." ಅವಳು ಪೆನ್ನಿನಿಂದ ಗೋಡೆ ತೋರಿಸಿದಳು.

ಇಷ್ಟು ದಿನದ ಕೆಲಸವನ್ನು ಸಂಜೆಯೊಳಗೆ ಮತ್ತೆ ಬರೆಯುವುದು ದೇವರಿಂದಲೂ ಆಗದು. ತಮ್ಮ, ಹೆಂಡತಿಯ ಮುಖ ನೋಡಿದ. ಅವಳು ಕಾಗದ ಜೋಡಿಸುತ್ತ, "ಅವರ ಬಾಗಿಲು ತೆರೆದೇ ಇದೆ, ಆಗಲೇ ನೋಡಿದೆ," ಎಂದಳು.

ಪಾಲಾದ ಮೇಲೆ ಅವನು ಆ ಬಾಗಿಲಿಗೆ ಹೋದದ್ದೇ ಇಲ್ಲ. ಬೈಯುವ ಮಾತುಗಳನ್ನು ಜೋಡಿಸಿಕೊಂಡೇ ಒಳಗೆ ಕಾಲಿಟ್ಟ. ಅಣ್ಣ ಮೇಜಿನ ಹತ್ತಿರ ಇರಲಿಲ್ಲ. ಕಂಪ್ಯೂಟರಿಗೆ ಬಟ್ಟೆ ಹೊದಿಸಿತ್ತು. ಅವನು ತನ್ನ ಪಾಲಿನ ಕಿಟಕಿಯ ಬಳಿ ಹಳೆಯ ಹಲಗೆ ತೊಡೆಯ ಮೇಲಿಟ್ಟುಕೊಂಡು, ಹರೆಯದಲ್ಲಿ ಕೆಲಸ ಕಲಿಯುವಾಗ ಬರೆಯುತ್ತಿದ್ದಂತೆ ಪೆನ್ಸಿಲಿನಲ್ಲಿ ನಕ್ಷೆ ಬರೆಯುತ್ತಿದ್ದ. ಕನ್ನಡಕ ಮೂಗಿನ ತುದಿಗೆ ಜಾರಿತ್ತು.

"ನಿನ್ನ ಕಂಪ್ಯೂಟರಿಗೆ ಏನಾಯ್ತು?" ಬಾಯಿಗೆ ಬಂದದ್ದು ಅಷ್ಟೇ.

"ಏನೂ ಆಗಿಲ್ಲ. ನಾನೇ ಆಫ್ ಮಾಡಿದೀನಿ."

"ಯಾಕೆ?"

ಅಣ್ಣ ಪೆನ್ಸಿಲಿನ ತುದಿ ನೋಡಿದ. "ನೀನು ಅಲ್ಲಿ ಸೇವ್ ಮಾಡಿದ್ರೆ ಇಲ್ಲಿ ಬಂದು ಬೀಳುತ್ತೆ. ನೋಡಬಾರದು ಅಂದ್ಕೋತೀನಿ, ಕೈ ತಾನಾಗೇ ಹೋಗುತ್ತೆ. ಶನಿವಾರ ಒಂದು ತಪ್ಪು ಕಂಡಿತು. ಎದ್ದು ನಿನ್ನ ಬಾಗಿಲವರೆಗೂ ಬಂದೆ. ಮಾತು ಕೊಟ್ಟಿದೀನಲ್ಲ, ವಾಪಸ್ ಬಂದು ಆಫ್ ಮಾಡಿದೆ. ಇದ್ರೆ ತಾನೇ ನೋಡೋದು?"

"ವೈರು ಕಿತ್ತಿದ್ರೆ ಆಗ್ತಿತ್ತು."

"ಆಗ್ತಿತ್ತು," ಎಂದ ಅಣ್ಣ.

ತಮ್ಮನಿಗೆ ಅಣ್ಣನ ಮೇಲೆ ಇನ್ನೂ ಸಿಟ್ಟಿತ್ತು, ಸಿಟ್ಟಿನ ಜೊತೆಗೆ ಅಳುವೂ ಬಂದಂತಾಯಿತು. "ಸ್ವಲ್ಪ ಹೊತ್ತು ಆನ್ ಮಾಡು," ಎಂದ. "ನನ್ನ ಫೈಲು ಕೆಟ್ಟುಹೋಗಿದೆ."

ಅಣ್ಣ ಎದ್ದು ಬಟ್ಟೆ ಸರಿಸಿ ಗುಂಡಿ ಒತ್ತಿದ. ಇಬ್ಬರೂ ಪರದೆ ಬೆಳಗುವುದನ್ನೇ ನೋಡುತ್ತ ನಿಂತರು. ಕೊಂಚ ಹೊತ್ತಿನಲ್ಲಿ ಗೋಡೆಯಾಚೆಯಿಂದ ಹೆಂಡತಿಯ ದನಿ ಕೇಳಿತು: "ಬಂತು ರೀ."

"ಶನಿವಾರ ಕಂಡಿದ್ದು ಏನು?" ಬಾಗಿಲಲ್ಲಿ ತಿರುಗಿ ತಮ್ಮ ಕೇಳಿದ.

"ಹೇಳಲ್ಲ," ಎಂದ ಅಣ್ಣ. ಹೇಳದಿರುವುದು ಅವನಿಗೆ ಎಷ್ಟು ಕಷ್ಟವಾಗುತ್ತಿದೆ ಎಂಬುದು ಪೆನ್ಸಿಲನ್ನು ಹೊರಳಿಸುತ್ತಿದ್ದ ಅವನ ಕೈಬೆರಳುಗಳಲ್ಲೇ ಕಾಣುತ್ತಿತ್ತು.

ತಮ್ಮ ವಾಪಸಾಗಿ ನಕ್ಷೆಯ ಮುಂದೆ ಕೂತ. ಸೋಮವಾರದಿಂದ ಸೇರಿಸಲಾಗದೆ ಒದ್ದಾಡುತ್ತಿದ್ದ ಎರಡು ಕಿಟಕಿಗಳನ್ನು ಸೇರಿಸಿದ. ಪ್ರಿಂಟು ತೆಗೆದರೆ ಮುಗಿಯಿತು. ಆದರೆ ಕೈ ಹೋಗಲಿಲ್ಲ. ಬಾಗಿಲುಗಳನ್ನು ನೋಡಿದ, ಅಳತೆ ಕೂಡಿಸಿದ, ಅಡುಗೆಮನೆ ನೋಡಿದ. ಎಲ್ಲ ಸರಿಯಾಗೇ ಇತ್ತು. ಹಾಗಾದರೆ ಅಣ್ಣನಿಗೆ ಕಂಡದ್ದೇನು ಎಂದು ಮತ್ತೆ ಮೊದಲಿನಿಂದ ನೋಡತೊಡಗಿದ.

"ಎಲ್ಲಾ ರೆಡಿ ಏನ್ರೀ?" ಡ್ರೈವರು ಬಂದೇಬಿಟ್ಟ. ಎತ್ತರದ ಆಳು, ಹಣೆ ಚೌಕಟ್ಟಿಗೆ ತಾಗದಂತೆ ಅಭ್ಯಾಸಬಲದಿಂದ ತಲೆ ಬಗ್ಗಿಸಿ ಒಳಗೆ ಬಂದ.

ಬಗ್ಗಿದ ಆ ತಲೆಯನ್ನು ನೋಡಿದವನೇ ತಮ್ಮ, ಪರದೆಯ ಮೇಲೆ ಮೆಟ್ಟಿಲಿನ ಕಡೆ ತಿರುಗಿದ. ಮೇಲಿನ ಮಹಡಿಯ ತೊಲೆ, ಮೆಟ್ಟಿಲು ಹತ್ತುವವನ ಹಣೆಗೆ ಸರಿಯಾಗಿ ಕೂತಿತ್ತು. ಈ ಮನುಷ್ಯ ತನ್ನ ಸ್ವಂತ ಮನೆಯಲ್ಲೂ ಜೀವಮಾನವಿಡೀ ತಲೆ ತಗ್ಗಿಸಿ ಹತ್ತಬೇಕಾಗಿತ್ತು.

"ಒಂದು ಐದು ನಿಮಿಷ ಕೂತ್ಕೊಳ್ಳಿ," ಎಂದ. "ನನ್ನದೊಂದು ತಪ್ಪಾಗಿತ್ತು, ಸರಿ ಮಾಡ್ತಿದೀನಿ."

ಡ್ರೈವರು ನಗಲಿಲ್ಲ. ಗಡಿಯಾರ ನೋಡಿ ಕೂತ. ತಮ್ಮ, ತೊಲೆಯನ್ನು ಹಿಂದಕ್ಕೆ ಸರಿಸಿ ಮೆಟ್ಟಿಲಿನ ಮೇಲೆ ಜಾಗ ಬಿಟ್ಟ.

ಸ್ಕ್ರೂ ಅಕ್ಕ ಹೆಲ್ಮೆಟ್ಟು ಕೈಗೆತ್ತಿಕೊಂಡು ಬಗ್ಗಿ ಕೇಳಿದಳು. "ಈಗ ಕತ್ತರಿಸ್ಲಾ? ಹೀಗೇ ಬಿಟ್ರೆ ಆ ಕಡೆಯವರು ಆಫ್ ಮಾಡಿದ ದಿನ ಇದು ಮತ್ತೆ ಬೀಳುತ್ತೆ."

"ಬೇಡ. ಇದು ಕರೀಲಿ, ಸಿಗದಿದ್ರೆ ಕಾಯದೆ ತನ್ನ ಪಾಡಿಗೆ ಕೆಲಸ ಮಾಡ್ಲಿ. ಹಾಗೆ ಮಾಡೋಕಾಗುತ್ತಾ?"

"ಆಗುತ್ತೆ. ಮೊದಲೇ ಹಾಗೆ ಮಾಡಿಟ್ಟಿರಬೇಕಾಗಿತ್ತು," ಎಂದು ಅವಳು ನಿಂತಲ್ಲೇ ಏನೋ ಒತ್ತಿ, "ಸೇವ್ ಮಾಡಿ ನೋಡಿ," ಎಂದಳು.

ಅವನು ಒತ್ತಿದ. ಚಕ್ರ ಒಂದು ಸುತ್ತು ತಿರುಗಿ ಮಾಯವಾಯಿತು. ಪ್ರಿಂಟರು ಗೊರಗುಟ್ಟಿತು, ಹೆಂಡತಿ ಹಾಳೆಗಳನ್ನು ಒಂದೊಂದಾಗಿ ಎತ್ತಿಕೊಂಡಳು, ಡ್ರೈವರು ಅವನ್ನು ಸುತ್ತಿ ಬಗಲಲ್ಲಿಟ್ಟುಕೊಂಡು ತಲೆ ಬಗ್ಗಿಸಿ ಹೊರಗೆ ಓಡಿದ. ಸ್ಕ್ರೂ ಅಕ್ಕನ ಗಾಡಿಯ ಸದ್ದೂ ತಿರುವಿನಲ್ಲಿ ಅಡಗಿತು. ತಮ್ಮ ಮಾತ್ರ ಕುರ್ಚಿಯ ತುದಿಯಲ್ಲಿ, ಪರದೆಯ ಮೇಲಿನ ಮೆಟ್ಟಿಲಿನಿಂದ ಕಣ್ಣು ಕೀಳದೆ ಕೂತಿದ್ದ.

ಗೋಡೆಯಾಚೆ ಕುರ್ಚಿ ಎಳೆದ ಸದ್ದಾಯಿತು. ಮತ್ತೆ, ಮೇಜಿನ ಮೇಲಿನ ಲೋಟದಲ್ಲಿ ಪೆನ್ನುಗಳು ಸಣ್ಣಗೆ ಕಿಣಿಕಿಣಿ ಎನ್ನತೊಡಗಿದವು. ಲೋಟಕ್ಕೆ ಕೈ ಚಾಚಿದ ತಮ್ಮ, ಅದನ್ನು ಸರಿಸದೆ ಕೈ ಹಿಂದಕ್ಕೆ ತೆಗೆದುಕೊಂಡ.