ಮನೆಯಲ್ಲೇ ಇಬ್ಬರು ಡಾಕ್ಟರಿದ್ದರು

ಇಂಗ್ಲೆಂಡಿನ ಸಟನ್ ಕೋಲ್ಡ್‌ಫೀಲ್ಡ್‌ನ ಅಡಿವೆಪ್ಪನವರು ನಿವೃತ್ತ ಜಿ.ಪಿ., ಅಂದರೆ ಕುಟುಂಬ ವೈದ್ಯರು. ಮಗ ಚಿನ್ಮಯ ಅರಿವಳಿಕೆ ತಜ್ಞ. ಮನೆ ಮತ್ತು ಬ್ಯಾಂಕಿನ ವ್ಯವಹಾರಕ್ಕೆ ಅಡಿವೆಪ್ಪನವರು ಎರಡು ವರ್ಷಗಳ ಹಿಂದೆಯೇ ಮಗನ ಹೆಸರಿಗೆ ಪವರ್ ಆಫ್ ಅಟಾರ್ನಿ ಮಾಡಿಸಿದ್ದರು. ತಮಗೆ ಸಾಧ್ಯವಾಗದಾಗ ಚಿಕಿತ್ಸೆಯ ತೀರ್ಮಾನ ಯಾರು ಮಾಡಬೇಕೆಂದು ಹೆಸರಿಸುವ, ಆರೋಗ್ಯದ ಪವರ್ ಆಫ್ ಅಟಾರ್ನಿ ಅರ್ಜಿ ಮಾತ್ರ ಡ್ರಾಯರಿನಲ್ಲಿಯೇ ಉಳಿದಿತ್ತು.

ಕಳೆದ ತಿಂಗಳು ನ್ಯುಮೋನಿಯಾದಿಂದ ಪ್ರಜ್ಞೆ ತಪ್ಪಿ, ಎಂಟು ದಿನ ವೆಂಟಿಲೇಟರಿನ ಮೇಲಿದ್ದು ಅವರು ಬದುಕಿ ಮನೆಗೆ ಬಂದಿದ್ದರು. ಭಾನುವಾರ ನೆರೆಮನೆಯ ಸೌಮ್ಯಾ ಅಡಿವೆಪ್ಪನವರನ್ನು ನೋಡಲು ಬಂದರು. ಆಕೆ ಆಸ್ಪತ್ರೆಯೊಂದರಲ್ಲಿ ಸೋಷಿಯಲ್ ವರ್ಕರ್.

“ಅಂಕಲ್, ಆ ಹೆಲ್ತ್ ಫಾರ್ಮ್ ಈಗಲಾದ್ರೂ ಮುಗಿಸಿ.”

“ಮನ್ಯಾಗ ಇಬ್ಬರು ಡಾಕ್ಟರ್ ಅದೀವಿ. ಫಾರ್ಮ್ ಯಾತಕ್ಕವ್ವಾ?”

“ಮಗ ಅನ್ನೋ ಕಾರಣಕ್ಕೇ ಚಿಕಿತ್ಸೆ ಬೇಕು, ಬೇಡ ಅನ್ನೋ ಅಧಿಕಾರ ಇಲ್ಲಿನ ಕಾನೂನಲ್ಲಿ ಬರಲ್ಲ. ನಿಮಗೆ ಪ್ರಜ್ಞೆ ತಪ್ಪಿದ್ರೆ ಮನೆಯವರನ್ನ ಕೇಳ್ತಾರೆ, ಆದ್ರೆ ನಿಮ್ಮ ಹಿತ ಯಾವುದು ಅಂತ ತೀರ್ಮಾನ ಮಾಡೋದು ಡಾಕ್ಟರು.”

ಅಡಿವೆಪ್ಪನವರು ನಕ್ಕರು. “ಇದನ್ನ ನಾನೇ ನೂರಾರು ಮಂದಿಗೆ ಹೇಳೀನಿ. ಅದು ಪೇಷಂಟ್‌ಗಳಿಗೆ. ನಮಗಲ್ಲ.”

ಚಿನ್ಮಯ ನಗಲಿಲ್ಲ. “ಅಪ್ಪಾ, ಆಸ್ಪತ್ರೆಯೊಳಗ ಮೊದಲನೇ ದಿನ ಕನ್ಸಲ್ಟೆಂಟ್ ಡಾಕ್ಟರ್ ಕೇಳಿದಾಗ ನಾನು ವೆಂಟಿಲೇಟರ್ ಬ್ಯಾಡ ಅಂದಿದ್ದೆ.”

ಚಹಾದ ಕಪ್ಪು ಅಡಿವೆಪ್ಪನವರ ಬಾಯಿಯ ಹತ್ತಿರವೇ ನಿಂತಿತು.

“ಏನಂದಿ?”

“ಊಟಕ್ಕ ಕೂತಾಗೆಲ್ಲ ‘ನನ್ನ ಮಷೀನಿಗೆ ಕಟ್ಟಬ್ಯಾಡ್ರಿ’ ಅಂತಿದ್ರಿ. ಅದನ್ನೇ ಹೇಳ್ದೆ. ಚೇತರಿಸ್ಕೊಳ್ಳೋ ಸಾಧ್ಯತೆ ಐತಿ, ತೀರ್ಮಾನ ನಮ್ಮದು ಅಂದ್ರು ಅವರು. ನನಗ ಸಿಟ್ಟು ಬಂದಿತ್ತು.”

“ಲೇ, ನಾ ಹೇಳಿದ್ದು ವರ್ಷಗಟ್ಟಲೆ ಅರಿವಿಲ್ಲದ ಬಿದ್ದಿರೋದಕ್ಕ! ಎಂಟು ದಿನಕ್ಕಲ್ಲ! ನಿನ್ನ ಮಾತು ನಡೆದಿದ್ರ ಇವತ್ತು ನಾನು…”

ಚಿನ್ಮಯನ ಮುಖ ಬಿಳಿಚಿಕೊಂಡಿತು.

ಅಡಿವೆಪ್ಪನವರ ಹೆಂಡತಿ ಗಂಗವ್ವ ಮೆಲ್ಲಗೆ ಹೇಳಿದರು: “ನೀವು ಅಂದಿದ್ದರ ಅರ್ಥ ನನಗ ಗೊತ್ತಿತ್ತು ರೀ. ನಿಮ್ಮ ತಂಗಿ ಮೂರು ವರ್ಷ ಹಾಸಿಗೆ ಹಿಡಿದಾಗ ನನ್ನ ಮುಂದ ಬಿಡಿಸಿ ಹೇಳಿದ್ರಿ. ಆದ್ರ ಡಾಕ್ಟರು ಡಾಕ್ಟರ ಜೋಡಿ ಇಂಗ್ಲಿಷಿನಾಗ ಮಾತಾಡಿ ಮುಗಿಸಿದ್ರು. ನನ್ನ ಯಾರ ಕೇಳ್ತಾರ?”

ಚಿನ್ಮಯನೇ ಎದ್ದು ಡ್ರಾಯರಿನಿಂದ ಅರ್ಜಿ ತಂದನು.

“ಬರೀ ಹೆಸರು ಬರೆದ್ರೆ ಸಾಲದು,” ಎಂದರು ಸೌಮ್ಯಾ. “ಜೀವ ಉಳಿಸೋ ಚಿಕಿತ್ಸೆ ಬಗ್ಗೆ ನೀವು ಹೆಸರಿಸಿದವರಿಗೆ ಅಧಿಕಾರ ಇದೆಯಾ ಅಂತ ಬೇರೆಯಾಗಿ ಕೇಳಿರ್ತಾರೆ. ಯಾವಾಗ ಬೇಕು, ಯಾವಾಗ ಬೇಡ ಅನ್ನೋದನ್ನೂ ಬರೀರಿ. ಸರ್ಕಾರಿ ಕಚೇರೀಲಿ ರಿಜಿಸ್ಟರ್ ಆದ ಮೇಲೇ ಇದು ನಡೆಯೋದು. ನಿಮಗೆ ತೀರ್ಮಾನಿಸೋ ಶಕ್ತಿ ಇರೋವರೆಗೆ ನಿಮ್ಮ ಮಾತೇ ಕೊನೆ.”

ಅಡಿವೆಪ್ಪನವರು ತಮ್ಮ ಪರವಾಗಿ ತೀರ್ಮಾನಿಸುವವರ ಹೆಸರಿನ ಜಾಗದಲ್ಲಿ ‘ಗಂಗವ್ವ’ ಎಂದು ಬರೆದರು.

“ಅಯ್ಯ, ನನ್ನ ಇಂಗ್ಲಿಷ್ ತಗೊಂಡು ಏನ್ ಮಾಡ್ತೀರಿ?”

“ನನ್ನ ಮನಸ್ಸು ನಿನಗ ಗೊತ್ತೈತಿ. ಇಂಗ್ಲಿಷ್ ಇವ ನೋಡ್ಕೋತಾನ.”

ಓದುಗರೇ, ಇಂದು ನಿಮ್ಮ ಮನೆಯ ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ಕೇಳಿರಿ: “ನನಗೆ ಪ್ರಜ್ಞೆ ತಪ್ಪಿದರೆ ನನ್ನ ಪರವಾಗಿ ಏನು ಹೇಳುತ್ತೀರಿ?” ಅವರ ಉತ್ತರ ನಿಮ್ಮನ್ನು ಬೆಚ್ಚಿಬೀಳಿಸಬಹುದು. ಬೆಚ್ಚಿದರೆ, ತಿದ್ದಲು ನಿಮಗಿನ್ನೂ ಬಾಯಿ ಇದೆ. ಇಂದೇ ಹೇಳಿರಿ, ಬರೆದಿಡಿರಿ.