ಸರೋಜಮ್ಮನ ಹೊಸ್ತಿಲು

ಎಲ್ಲಾದರೂ ಉಂಟೇ, ಎಂಟನೇ ಮಹಡಿಯ ಫ್ಲ್ಯಾಟಿಗೆ ತೇಗದ ಹೊಸ್ತಿಲು! ಕಡಲಾಚೆಯ ಯಿಶುನ್ ಬಡಾವಣೆಯ ಆ ಬ್ಲಾಕಿನಲ್ಲಿ ಅಂಥದ್ದು ಇದ್ದದ್ದು ಸರೋಜಮ್ಮನ ಮನೆಗೆ ಮಾತ್ರ. ಫ್ಲ್ಯಾಟ್ ಕೊಂಡ ಹೊಸತರಲ್ಲಿ, "ಹೊಸ್ತಿಲಿಲ್ಲದ ಮನೆಗೆ ನಾನು ಕಾಲಿಡಲ್ಲ" ಅಂತ ಅವರು ಹಟ ಹಿಡಿದರು. ಗಂಡ ದತ್ತಾತ್ರೇಯ ಮೈಸೂರಿನಿಂದ ಹಲಗೆಯನ್ನು ಪಂಚೆಯಲ್ಲಿ ಸುತ್ತಿ ವಿಮಾನದಲ್ಲಿ ತಂದು, ತಾವೇ ಬಗ್ಗಿ ಕೂತು ಬಾಗಿಲಿಗೆ ಕೂರಿಸಿದ್ದರು.

ಅವತ್ತಿನಿಂದ ದಿನಾ ಬೆಳಿಗ್ಗೆ ಅದಕ್ಕೆ ನೀರು, ಅರಿಶಿನ, ಕುಂಕುಮ, ಒಂದು ಹೂವು. ಅದನ್ನು ತುಳಿದವರಿಗೆ ಮಂಗಳಾರತಿ. ಎಡಗಾಲಿಟ್ಟು ಒಳಗೆ ಬಂದವರಿಗೂ ಮಂಗಳಾರತಿ. ಟುವಾಸ್‌ನ ಫ್ಯಾಕ್ಟರಿಯಿಂದ ಸುಸ್ತಾಗಿ ಬರುತ್ತಿದ್ದ ಗಂಡನನ್ನೂ ಸರೋಜಮ್ಮ ಬಿಟ್ಟವರಲ್ಲ. "ರೀ, ಬಲಗಾಲು!" ಅಂದರೆ, ಪಾಪ, ಅವರು ಮತ್ತೆ ಹೊರಗೆ ಹೋಗಿ ಬಲಗಾಲಿಟ್ಟು ಬರುತ್ತಿದ್ದರು.

ಈಗ ಆ ಬಲಗಾಲೇ ಸ್ವಾಧೀನ ತಪ್ಪಿತ್ತು. ಸ್ಟ್ರೋಕ್ ಆಗಿ ದತ್ತಾತ್ರೇಯ ಆಸ್ಪತ್ರೆ ಸೇರಿ ತಿಂಗಳ ಮೇಲಾಗಿತ್ತು. ಅಮ್ಮ ಒಬ್ಬಳೇ ಹೇಗೆ ನೋಡಿಕೊಳ್ಳುತ್ತಾಳೆ ಅಂತ ಮಗಳು ಅನಘಾ, ಅಳಿಯ ಪ್ರತಾಪ್ ಪಾಸಿರ್ ರಿಸ್‌ನ ಬಾಡಿಗೆ ಕಾಂಡೋ ಮನೆ ಬಿಟ್ಟು ಗಂಟುಮೂಟೆ ಸಮೇತ ಯಿಶುನ್‌ಗೇ ಬಂದುಬಿಟ್ಟರು. ಬಂದವರೇ ಹಳೇ ಮನೆಯ ರಿಪೇರಿಗೆ ಕೈ ಹಾಕಿದರು. ಬಚ್ಚಲಿಗೆ ಜಾರದ ಟೈಲ್ಸ್, ಗೋಡೆಗೆ ಹಿಡಿದುಕೊಳ್ಳಲು ಸ್ಟೀಲ್ ಕಂಬಿ. ವೀಲ್‌ಚೇರ್ ತಿರುಗಬೇಕಲ್ಲ, ಹಾಲ್‌ನಲ್ಲಿದ್ದ ಹಳೇ ಶೋಕೇಸ್ ಔಟ್. ಸರೋಜಮ್ಮ ಯಾವುದಕ್ಕೂ ಚಕಾರ ಎತ್ತಲಿಲ್ಲ. ಅಡುಗೆಮನೆಯ ಕಪಾಟು ಕಿತ್ತಾಗಲೂ, "ಧೂಳು ಮಾತ್ರ ಹಿಟ್ಟಿನ ಡಬ್ಬಕ್ಕೆ ಬೀಳದ ಹಾಗೆ ನೋಡ್ಕೊಳ್ಳಿ" ಅಂದರು, ಅಷ್ಟೇ.

ಆದರೆ ಕಂಟ್ರ್ಯಾಕ್ಟರ್ ಟಾನ್ ಬಾಗಿಲ ಬಳಿ ನಿಂತು, ಈ ಮರ ತೆಗೆದು ಸಿಮೆಂಟಿನ ಇಳಿಜಾರು ಮಾಡಬೇಕು, ಇಲ್ಲದಿದ್ದರೆ ವೀಲ್‌ಚೇರ್ ಒಳಗೆ ಬರೋಲ್ಲ ಅಂದಾಗ, ಸರೋಜಮ್ಮ ಹೊಸ್ತಿಲ ಮುಂದೆ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟರು.

"ಇದನ್ನ ಮುಟ್ಟೋ ಹಾಗಿಲ್ಲ."

"ಅಮ್ಮ, ಶನಿವಾರ ಅಪ್ಪ ಡಿಸ್ಚಾರ್ಜ್ ಆಗ್ತಾರೆ. ದಿನಾ ಅವ್ರನ್ನ ಎತ್ತಿ ದಾಟ್ಸೋಕಾಗುತ್ತಾ?"

"ಅಳಿಯಂದ್ರು ಇದಾರಲ್ಲ."

"ಅಳಿಯಂದ್ರಿಗೆ ಆಫೀಸ್ ಇಲ್ವಾ? ನಿಂಗೆ ಅಪ್ಪ ಬೇಕೋ, ಈ ಹಲಗೆ ಬೇಕೋ, ಅದನ್ನ ಹೇಳಿಬಿಡು!"

ಅಂದಮೇಲೆ ಅನಘಾ ನಾಲಿಗೆ ಕಚ್ಚಿಕೊಂಡಳು. ಸರೋಜಮ್ಮನ ಕಣ್ಣಲ್ಲಿ ದಳದಳ ನೀರು. ಇವಳಿಗೆ ಹೇಗೆ ಹೇಳುವುದು? ದತ್ತಾತ್ರೇಯ ಪ್ರಜ್ಞೆಯಿಲ್ಲದೆ ಮಲಗಿದ್ದಷ್ಟು ದಿನವೂ ಸರೋಜಮ್ಮ ಈ ಹೊಸ್ತಿಲಿಗೆ ಹಣೆಯಿಟ್ಟು ಕೇಳಿಕೊಂಡದ್ದು ಒಂದೇ: ತಾಯೀ, ಅವರು ಇದನ್ನು ದಾಟಿ ಒಳಗೆ ಬರುವ ಹಾಗೆ ಮಾಡು. ಅವರು ಕಣ್ಣು ಬಿಟ್ಟರು. ಈಗ ಇನ್ನೇನು ಬರುತ್ತಾರೆ ಅನ್ನುವ ಹೊತ್ತಿಗೆ ಅದನ್ನೇ ಕಿತ್ತು ಹಾಕಿದರೆ?

"ಕಿತ್ತರೆ ಅವ್ರಿಗೆ ಮತ್ತೇನಾದ್ರೂ ಹೆಚ್ಚುಕಮ್ಮಿ ಆಗುತ್ತೆ ಅಂತ ಭಯ ಕಣೇ" ಅಂದರು ಕೊನೆಗೆ.

ಅನಘಾ ಅಮ್ಮನ ಪಕ್ಕದಲ್ಲೇ ನೆಲದ ಮೇಲೆ ಕೂತಳು. ಇವತ್ತು ಬೇಡ ಅಂತ ಟಾನ್‌ಗೆ ಕೈಸನ್ನೆ ಮಾಡಿದಳು.

ಮಧ್ಯಾಹ್ನ ಸರೋಜಮ್ಮ ಸಾರನ್ನದ ಡಬ್ಬಿ ಹಿಡಿದು ಆಸ್ಪತ್ರೆಗೆ ಹೋದರು. ಎಂದಿಗಿಂತ ಬೇಗ ಹೋಗಿದ್ದರು. ಗಂಡ ಹಾಸಿಗೆಯಲ್ಲಿರಲಿಲ್ಲ, ವ್ಯಾಯಾಮದ ಕೋಣೆಯಲ್ಲಿದ್ದಾರೆ ಅಂದಳು ನರ್ಸ್. ಬಾಗಿಲ ಗಾಜಿನಲ್ಲಿ ಇಣುಕಿದರೆ, ದತ್ತಾತ್ರೇಯ ಎರಡು ಕಂಬಿ ಹಿಡಿದು ನಿಂತಿದ್ದಾರೆ. ಮುಂದೆ ನೆಲದ ಮೇಲೊಂದು ಮರದ ಪಟ್ಟಿ. ಸ್ವಾಧೀನವಿಲ್ಲದ ಬಲಗಾಲನ್ನು ಅದರಾಚೆ ಎತ್ತಿಡಲು ಹೆಣಗುತ್ತಿದ್ದಾರೆ. ಕಾಲು ಪಟ್ಟಿಗೆ ತಗುಲಿ ಮುಗ್ಗರಿಸಿದರು. ಥೆರಪಿಸ್ಟ್ ಹಿಡಿದುಕೊಂಡಳು. ಸುಧಾರಿಸಿಕೊಂಡು ಮತ್ತೆ ಅದೇ ಕಾಲನ್ನೇ ಎತ್ತಿದರು.

ಅವರನ್ನು ಕುರ್ಚಿಯಲ್ಲಿ ಕೂರಿಸಿ ಬಂದ ಥೆರಪಿಸ್ಟ್ ಇಂಗ್ಲಿಷಿನಲ್ಲಿ ತನ್ನ ಗೋಳು ತೋಡಿಕೊಂಡಳು. "ಆಂಟಿ, ನೀವಾದ್ರೂ ಹೇಳಿ. ಗಟ್ಟಿ ಕಾಲು ಮೊದಲಿಡಿ, ಎಡಗಾಲು, ಅಂತ ದಿನಾ ಹೇಳ್ತೀನಿ. ಅಂಕಲ್ ಕೇಳೋದೇ ಇಲ್ಲ. ಮನೆ ಬಾಗಿಲಲ್ಲಿ ಸ್ಟೆಪ್ ಇದೆ, ನನ್ನ ಹೆಂಡತಿಗೆ ಬಲಗಾಲೇ ಆಗಬೇಕು ಅಂತಾರೆ. ಹೀಗೆ ಮಾಡಿದ್ರೆ ಒಂದಿನ ಬೀಳ್ತಾರೆ."

ಅಯ್ಯೋ ನನ್ನ ಕರ್ಮವೇ, ಅಂದುಕೊಂಡರು ಸರೋಜಮ್ಮ. ಒಳಗೆ ಹೋಗಿ ಚಮಚದಲ್ಲಿ ಗಂಡನಿಗೆ ಅನ್ನ ತಿನ್ನಿಸಿದರು.

ದತ್ತಾತ್ರೇಯ ಸೊಟ್ಟ ಬಾಯಲ್ಲೇ ನಕ್ಕರು. "ಶನಿವಾರ... ದಾಟ್ತೀನಿ. ನೋಡ್ತಿರು."

"ಮೊದ್ಲು ಊಟ ಮಾಡಿ" ಅಂತ ಗದರಿದರು ಸರೋಜಮ್ಮ. ಸೆರಗಿನಿಂದ ಅವರ ಬಾಯಿ ಒರೆಸಿದರು.

ಮನೆಗೆ ಬಂದವರೇ ಕೈಕಾಲು ತೊಳೆದು ಹೊಸ್ತಿಲಿಗೆ ಹಣೆ ಹಚ್ಚಿದರು. "ತಾಯೀ, ನಿನ್ನ ದಾಟೋಕೆ ಹೋಗಿ ಅವರು ಬಿದ್ದರೆ ನೀನಿದ್ದು ಏನು ಬಂತು, ನಾನಿದ್ದು ಏನು ಬಂತು? ಕೋಪ ಮಾಡ್ಕೋಬೇಡ. ದೇವರ ಗೂಡಿನ ಕೆಳಗೆ ಜಾಗ ಮಾಡಿಕೊಡ್ತೀನಿ, ಅಲ್ಲಿರು." ಆಮೇಲೆ ಮಗಳ ಕಡೆ ತಿರುಗಿದರು. "ಟಾನ್‌ಗೆ ಫೋನ್ ಮಾಡೇ. ಬೆಳಿಗ್ಗೇನೇ ಬರ್ಲಿ."

ಮರುದಿನ ಹಲಗೆ ಏಳುವಾಗ ಸರೋಜಮ್ಮ ಎದುರಿಗೇ ನಿಂತು ನೋಡಿದರು.

ಶನಿವಾರ ವೀಲ್‌ಚೇರ್ ಬಾಗಿಲಿಗೆ ಬಂತು. ದತ್ತಾತ್ರೇಯ ಕೈಯೆತ್ತಿ ನಿಲ್ಲಿಸಿ, ಕೆಳಗೆ ನೋಡಿದರು. ತಾವು ಕೂರಿಸಿದ ಹಲಗೆಯ ಜಾಗದಲ್ಲಿ ಬೂದು ಸಿಮೆಂಟಿನ ಇಳಿಜಾರು, ಅದರ ಎರಡು ಬದಿಗೂ ಅರಿಶಿನ ಕುಂಕುಮ.

"ಹೊಸ್ತಿಲು?"

"ದೇವರ ಹತ್ರ ಇದೆ. ಅದಕ್ಕೂ ವಯಸ್ಸಾಯ್ತು, ರೆಸ್ಟ್ ತಗೊಳ್ಳಲಿ" ಅಂದರು ಸರೋಜಮ್ಮ.

ಗಂಡ ಕೇಳಬೇಕಲ್ಲ! ಎಬ್ಬಿಸಿ ಅಂತ ಸನ್ನೆ ಮಾಡಿದರು. ಪ್ರತಾಪ್ ಒಂದು ಕಡೆ, ಅನಘಾ ಒಂದು ಕಡೆ ಹಿಡಿದುಕೊಂಡರು. ದತ್ತಾತ್ರೇಯ ಹಲ್ಲು ಕಚ್ಚಿ, ಗಡಗಡ ನಡುಗುವ ಬಲಗಾಲನ್ನು ಎತ್ತರಕ್ಕೆ ಎತ್ತಿದರು, ಅಲ್ಲಿಲ್ಲದ ಹೊಸ್ತಿಲನ್ನು ದಾಟುವ ಹಾಗೆ.

"ರೀ, ಎಡಗಾಲಿಡಿ."

ದತ್ತಾತ್ರೇಯ ಕಾಲಿಳಿಸಿ ಹೆಂಡತಿಯ ಮುಖ ನೋಡಿದರು. ಇಷ್ಟು ವರ್ಷದ ಸಂಸಾರದಲ್ಲಿ ಆ ಮಾತು ಆ ಬಾಯಲ್ಲಿ ಬಂದಿರಲಿಲ್ಲ.

"ನಾನೇ ಹೇಳ್ತಿದ್ದೀನಿ. ಎಡಗಾಲೇ ಇಡಿ. ಯಾವ ಕಾಲಾದ್ರೇನು, ನೀವು ಮನೆಗೆ ಬಂದ್ರಲ್ಲ, ನಂಗಷ್ಟೇ ಸಾಕು." ಸರೋಜಮ್ಮ ಅಳುತ್ತಲೇ ಒಳಗಿನಿಂದ ಕೈ ಚಾಚಿದರು.

ಆ ಕೈ ಹಿಡಿದು ದತ್ತಾತ್ರೇಯ ಎಡಗಾಲಿಟ್ಟು ಮನೆಯೊಳಗೆ ಬಂದರು.