ಖಂಡೆ ಪೂಜೆಯ ಮರುದಿನ

ಯಾರೂ ಬಳಸದ ಆಪರೇಟಿಂಗ್ ಸಿಸ್ಟಮ್ ಹಾಕಬೇಡ ಎಂದು ಗೆಳತಿಯರೆಲ್ಲ ಬಡಕೊಂಡಿದ್ದರು. ಕೇಳಿದೆನೇ? ಇಲ್ಲ. ವಿಜಯಪುರದಲ್ಲಿ ಕಂಪ್ಯೂಟರ್ ಕಲಿಸುವ ಸಂಪದಾ ಅಂದರೆ ಏನು ಸಾಮಾನ್ಯಳೇ! ಬಬಲೇಶ್ವರದ ಕುರಿಗಾರರ ಸಂಘಕ್ಕೆ ಪುಕ್ಕಟೆ ಸರ್ವರ್ ಮಾಡಿಕೊಡಲು ಹೋದವಳು, ಜಗತ್ತಿನಲ್ಲಿ ಸಾವಿರ ಜನವೂ ಬಳಸದ ಒಂದು ಸಿಸ್ಟಮ್ ಹಾಕಿ ಬಂದೆ. ವೈರಸ್ ಬರುವುದಿಲ್ಲ, ಎಂದೂ ಕೆಡುವುದಿಲ್ಲ ಎಂದು ಜಂಬ ಕೊಚ್ಚಿಕೊಂಡೆ. ಒಂಬತ್ತು ವರ್ಷ ಅದು ಒಂದು ದಿನವೂ ನಿಲ್ಲದೆ ನಡೆಯಿತು.

ಈ ಸಲ ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೆ ಪೂಜೆಯ ದಿನ ಸಂಘದ ಹೊಸ ಕಾರ್ಯದರ್ಶಿ ಸದಾಶಿವ ಅದನ್ನು ಬಂದ್ ಮಾಡಿಬಿಟ್ಟ.

"ಕುಡಗೋಲು, ಉಣ್ಣಿ ಕತ್ತರಿ ಎಲ್ಲಾ ಪೂಜಿಗಿ ಇಟ್ಟಿದ್ವಿರಿ," ಎಂದ ಫೋನಿನಲ್ಲಿ. "ಪೂಜಿ ದಿನ ಯಾವ ಹತ್ಯಾರನೂ ದುಡೀಬಾರದಲ್ರಿ? ಇದೂ ಒಂದಿನ ಮಲಗಲಿ ಅಂದ್ನಿರಿ."

ವಿಭೂತಿ ಬಳಿದು, ಚೆಂಡುಹೂ ಏರಿಸಿ, ಕಾಯಿ ಒಡೆದಿದ್ದ. ಮರುದಿನ ಗುಂಡಿ ಒತ್ತಿದರೆ ಒಂದು ಕೆಂಪು ದೀಪ, ಅಷ್ಟೇ. ವರ್ಷಗಟ್ಟಲೆ ಬಿಸಿಯಾಗಿಯೇ ಇದ್ದ ಹಳೆಯ ಬೋರ್ಡು, ತಣ್ಣಗಾದದ್ದು ಮತ್ತೆ ಏಳಲಿಲ್ಲ. ಅವನನ್ನು ಬಯ್ಯುವ ಮುಖ ನನಗಿರಲಿಲ್ಲ. ಆರಿಸಬಾರದು ಎಂದು ನಾನು ಯಾರಿಗೂ ಹೇಳಿರಲೇ ಇಲ್ಲ.

ಒಳಗಿನ ಡಿಸ್ಕುಗಳು ಸರಿಯಾಗಿಯೇ ಇದ್ದವು. ಅವುಗಳಲ್ಲಿ ಇದ್ದದ್ದು ಸಂಘದ ಸದಸ್ಯೆ, ಮಮದಾಪುರದ ರಾಚವ್ವನ ಕುರಿಗಳ ವಂಶಾವಳಿ: ಯಾವ ಕುರಿಯ ತಾಯಿ ಯಾವುದು, ಆ ತಾಯಿಯ ತಾಯಿ ಯಾವುದು. ಸೋಮವಾರ ತಳಿ ನೋಂದಣಿಯವರು ಬರುವವರಿದ್ದರು. ಐದು ತಲೆಮಾರು ತೋರಿಸಿದರೆ ಅದು ಆಕೆಯ ಮನೆತನ ಕಾಪಾಡಿದ ಅಸಲಿ ತಳಿ. ಇಲ್ಲವಾದರೆ ಬೆರಕೆ ಎಂದು ಬರೆದು ಹೋಗುತ್ತಾರೆ, ಮತ್ತೆ ಬರುವುದಿಲ್ಲ. ಇನ್ನೊಂದು ಪ್ರತಿ ಇರಲಿಲ್ಲವೇ ಎಂದರೆ, ಇತ್ತು. ಅದೇ ಯಂತ್ರದ ಎರಡನೆಯ ಡಿಸ್ಕಿನಲ್ಲಿ! ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಆ ಡಿಸ್ಕುಗಳು ಮನೆಯ ಕಂಪ್ಯೂಟರಿಗೆ ಹೊಂದುವುದಿಲ್ಲ, ಸರ್ವರೇ ಬೇಕು. ಅವುಗಳ ಬರಹವನ್ನು ಓದುವುದೂ ಅದೊಂದೇ ಸಿಸ್ಟಮ್. ಶನಿವಾರ ಡಿಸ್ಕುಗಳನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು, ಸಿಸ್ಟಮ್ ತುಂಬಿದ ಪೆನ್‌ಡ್ರೈವ್ ಹಿಡಿದು, ವಿಜಯಪುರದಲ್ಲಿ ಹಳೆಯ ಕಂಪ್ಯೂಟರ್ ಮಾರುವ ಗುರಲಿಂಗಪ್ಪನ ಅಂಗಡಿಗೆ ಹೋದೆ.

"ಬರ್ರಿ ಮೇಡಂ, ಅಗ್ಗದಾಗ ಮೂರು ಸರ್ವರ್ ಅದಾವ. ಏನ್ ಹಾಕಿದ್ರೂ ಓಡ್ತಾವ."

ಮೊದಲನೆಯದು ಪೆನ್‌ಡ್ರೈವನ್ನು ಮೂಸಿಯೂ ನೋಡಲಿಲ್ಲ. ಎರಡನೆಯದು ಅರ್ಧಕ್ಕೆ ಬಂದು ನಿಂತುಬಿಟ್ಟಿತು. ಮೂರನೆಯದರಲ್ಲಿ ಸಾಲು ಮೇಲೆ ಸಾಲು ಬಂತು. ಪ್ರೊಸೆಸರ್ ಸಿಕ್ಕಿತು, ಮೆಮೊರಿ ಸಿಕ್ಕಿತು, ನೆಟ್‌ವರ್ಕ್ ಸಿಕ್ಕಿತು. ನನಗೆ ಕುಣಿಯುವಷ್ಟು ಖುಷಿ. ಕೊನೆಗೆ ಡಿಸ್ಕುಗಳ ಪಟ್ಟಿ ಕೇಳಿದೆ. ಒಂದೂ ಇಲ್ಲ ಎಂದಿತು. ಆ ಸರ್ವರಿನೊಳಗೆ ಡಿಸ್ಕುಗಳನ್ನು ಜೋಡಿಸುವ ಕಾರ್ಡಿನ ಗುರುತೇ ನನ್ನ ಸಿಸ್ಟಮಿಗೆ ಇರಲಿಲ್ಲ.

"ಜಗತ್ತೆಲ್ಲಾ ಹಾಕೂದು ಹಾಕ್ರಲ್ಲ ಮೇಡಂ. ಈ ಹಟ ಯಾಕ್ರಿ?" ಎಂದ ಗುರಲಿಂಗಪ್ಪ.

ಆ ಸಿಸ್ಟಮ್ ಮಾಡುವವರಿಗೆ ಅಲ್ಲಿಂದಲೇ ಇ-ಮೇಲ್ ಹಾಕಿದೆ. ಸಂಜೆಯೊಳಗೆ ಉತ್ತರ ಬಂತು. ಆ ಕಾರ್ಡಿನ ಕೆಲಸ ನೋಡುತ್ತಿದ್ದವರು ಐದು ವರ್ಷದ ಹಿಂದೆಯೇ ಬಿಟ್ಟುಹೋಗಿದ್ದಾರೆ, ಬೇಕಾದ ತಂತ್ರಾಂಶವನ್ನು ತಾವೇ ಬರೆದು ಕಳಿಸಿದರೆ ಸಂತೋಷ. ನಾನೇ ಬರೆಯಬೇಕಂತೆ, ಸೋಮವಾರದೊಳಗೆ! ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಅತ್ತೆ. ಗುರಲಿಂಗಪ್ಪ ಚಹಾ ತರಿಸಿದ.

ಇನ್ನೊಂದೇ ದಾರಿ ಉಳಿದಿತ್ತು. ಭಾನುವಾರ ಬಸ್ ಹಿಡಿದು ಮಮದಾಪುರಕ್ಕೆ ಹೋದೆ.

ರಾಚವ್ವನಿಗೆ ಅಕ್ಷರ ಬಾರದು. ಆಕೆಯ ಅತ್ತೆ ಮುದುಕವ್ವ ಕಲಿಸಿದ ರೂಢಿಯೊಂದಿತ್ತು. ಸಂಜೆ ಕುರಿಗಳು ದೊಡ್ಡಿಗೆ ಬರುವಾಗ ಒಂದೊಂದರ ಬೆನ್ನು ಮುಟ್ಟಿ, ಅದರ ತಾಯಿ, ಅಜ್ಜಿ, ಮುತ್ತಜ್ಜಿ, ಮುತ್ತಜ್ಜಿಯ ತಾಯಿಯ ಹೆಸರು ಹೇಳಿ ಒಳಗೆ ಬಿಡಬೇಕು. ಒಂಬತ್ತು ವರ್ಷದ ಹಿಂದೆ ಮೂರು ತಿಂಗಳು ದೊಡ್ಡಿಯ ಬಾಗಿಲಲ್ಲಿ ಕುಳಿತು ನಾನು ಟೈಪ್ ಮಾಡಿಕೊಂಡದ್ದು ಅದನ್ನೇ. ಆಮೇಲೆ ಹುಟ್ಟಿದ ಮರಿಗಳನ್ನು ಸಂಘದವರೇ ಸೇರಿಸುತ್ತಿದ್ದರು.

"ಯವ್ವಾ, ಯಂತ್ರ ಕೆಟ್ಟೈತಿ. ನೀ ಬಾಯಿಲೆ ಹೇಳ ಬೇ, ನಾ ಬರಕೋತೀನಿ."

ಸಂಜೆ ಕುರಿಗಳು ಬಂದಾಗ ಆಕೆ ದೊಡ್ಡಿಯ ಬಾಗಿಲಲ್ಲಿ ಒಂದು ಮರಿಯ ಬೆನ್ನು ಮುಟ್ಟಿದಳು. "ಇದು ಚುಕ್ಕಿ. ಚುಕ್ಕಿ ಅವ್ವ ಬೂದಿ. ಬೂದಿ ಅವ್ವ ಕರಿಕಿವಿ. ಕರಿಕಿವಿ ಅವ್ವ..."

ಕೈ ಬೆನ್ನ ಮೇಲೇ ನಿಂತಿತು. ಇನ್ನೊಂದು ಕುರಿ ಹಿಡಿದಳು. ಅಲ್ಲಿಯೂ ಮೂರನೆಯ ಹೆಸರಿಗೇ ನಿಂತಳು.

"ದಿನಾ ಸಂಜಿಕ ಹೇಳ್ತಿದ್ದೆಲ್ಲಬೇ?"

"ನೀ ಬರಕೊಂಡು ಹೋದ ಮ್ಯಾಲ ಬಿಟ್ಟೆ ಯವ್ವಾ. ಎಂದೂ ಕೆಡೂದಿಲ್ಲ ಅಂದಿದ್ದೆಲ್ಲ ನೀನ? ಮತ್ಯಾಕ ತಲಿಗಿ ಭಾರ ಅಂತ ಬಿಟ್ಟೆ."

ನನಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನನ್ನ ಮುಖ ನೋಡಿ ಆಕೆಯೇ ಸಮಾಧಾನ ಹೇಳಿದಳು.

"ಗಾಬರಿ ಆಗಬ್ಯಾಡ. ಮೂರ ತಿಂಗಳ ಕುಂತು ಬರದಾಕಿ ನೀನ. ನಿನಗ ನೆನಪ ಇರತೈತಿ. ಹೇಳು, ಕರಿಕಿವಿ ಅವ್ವ ಯಾರು?"

ಆ ಹೆಸರನ್ನು ಟೈಪ್ ಮಾಡಿದ್ದು ನಾನೇ. ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ರಾಚವ್ವ ನನ್ನ ಬಾಯಿಯನ್ನೇ ನೋಡುತ್ತ ನಿಂತಿದ್ದಳು, ಕುರಿಗಳು ಹಾಗೆಯೇ ಒಳಗೆ ಹೋದವು.